ತವಾ ಭಟ್ಟರ ಕಣ್ಣು ಮತ್ತು ನಮ್ಮ ಇ.ಎಸ್.ಐ. ಚಲನ್



ಪ್ರತಿ ತಿಂಗಳು 15ನೇ ತಾರೀಕಿನೊಳಗೆ ನಾವೆಲ್ಲರೂ ಇ.ಎಸ್.ಐ. ಹಣ ತುಂಬುತ್ತೇವೆ. ಬಾಡಿಗೆ, ಗ್ಯಾಸು, ಕರೆಂಟು, ಜಿ.ಎಸ್.ಟಿ. ಸಾಲಿನಲ್ಲಿ ಅದೂ ಒಂದು. ಕನ್ಸಲ್ಟೆಂಟರು ಚಲನ್ ಕಳಿಸುತ್ತಾರೆ, ನಾವು ಗೊಣಗುತ್ತಾ ಕಟ್ಟುತ್ತೇವೆ, ಕಾಗದವನ್ನು ಫೈಲಿಗೆ ಹಾಕುತ್ತೇವೆ. ನಮ್ಮ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಹೀಗೆಯೇ ನಡೆಯಿತು. ಆ ಹದಿನಾಲ್ಕು ವರ್ಷಗಳಲ್ಲಿ ಒಬ್ಬನೇ ಒಬ್ಬ ಕೆಲಸಗಾರನನ್ನು ನಾವು ಇ.ಎಸ್.ಐ. ಆಸ್ಪತ್ರೆಗೆ ಕಳಿಸಿದ್ದಿಲ್ಲ. ಜ್ವರ ಬಂದರೆ ಮೂಲೆಯ ಡಾಕ್ಟರು, ಕೈ ಕೊಯ್ದರೆ ಪಟ್ಟಿ, ದೊಡ್ಡದು ಬಂದರೆ ಊರಿನ ಬಸ್ಸು. ಇಷ್ಟೇ ನಮಗೆ ಗೊತ್ತಿದ್ದದ್ದು.

ಹೋದ ವರ್ಷ ನಮ್ಮ ತವಾ ಭಟ್ಟರ ಕಣ್ಣಿನ ವಿಷಯದಲ್ಲಿ ನಮಗೆ ಪಾಠವಾಯಿತು. ಆ ಪಾಠ ನಿಮಗೆಲ್ಲ ಇಷ್ಟು ದುಬಾರಿ ಆಗಬಾರದೆಂದು ಈ ಲೇಖನ ಬರೆಯುತ್ತಿದ್ದೇವೆ. ನಾವು ದೊಡ್ಡ ಓದು ಓದಿದವರಲ್ಲ. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದವರು. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಬೇಕು.

ದೋಸೆ ಕರಕಲಾಗತೊಡಗಿತು

ನಮ್ಮ ತವಾ ಭಟ್ಟರು ಕುಂದಾಪುರ ಕಡೆಯವರು. ವಯಸ್ಸು ಐವತ್ತೊಂದು. ನಮ್ಮಲ್ಲಿ ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಐದೂವರೆಗೆ ತವೆ ಕಾಯಿಸಿದರೆ ಹನ್ನೊಂದರ ತನಕ ಕೈ ನಿಲ್ಲುವುದಿಲ್ಲ. ನಮ್ಮ ಹೋಟೆಲಿನ ಹೆಸರು ನಾಲ್ಕು ಜನರ ಬಾಯಲ್ಲಿ ಇದ್ದರೆ ಅರ್ಧ ಅವರ ಕೈಗುಣ.

ಹೋದ ವರ್ಷ ಮಳೆಗಾಲದಿಂದ ದೂರು ಶುರುವಾಯಿತು. ದೋಸೆಯ ಒಂದು ಬದಿ ಕರಕಲು. ಮಸಾಲೆ ಮಧ್ಯದಲ್ಲಿ ಬೀಳದೆ ಅಂಚಿಗೆ. ಒಂದು ದಿನ ಚಟ್ನಿಪುಡಿಯ ಬದಲು ಅಚ್ಚಖಾರದ ಪುಡಿ ಉದುರಿಸಿ, ಗಿರಾಕಿ ನೇರ ಗಲ್ಲಾಕ್ಕೆ ಬಂದು ಪ್ಲೇಟು ಇಟ್ಟರು. ನಾವು ಭಟ್ಟರನ್ನು ಕರೆದು ಎಲ್ಲರ ಮುಂದೆ ಹೇಳಿದೆವು: "ಮನಸ್ಸು ಎಲ್ಲಿಟ್ಟಿದ್ದೀರಿ? ಬೇರೆ ಕಡೆ ಹೋಗುವ ಯೋಚನೆ ಇದ್ದರೆ ಹೇಳಿಬಿಡಿ." ಅವರು ತಲೆ ತಗ್ಗಿಸಿ ನಿಂತರು. ಒಂದು ಮಾತೂ ಆಡಲಿಲ್ಲ. ಆ ತಗ್ಗಿಸಿದ ತಲೆ ಇವತ್ತಿಗೂ ನಮ್ಮ ಕಣ್ಣ ಮುಂದಿದೆ.

ಗಣೇಶ ಚೌತಿಯ ಮರುವಾರ ತವೆಯ ಅಂಚಿಗೆ ಮಣಿಕಟ್ಟು ತಾಗಿ ಸುಟ್ಟಿತು. ಮುಲಾಮು ಹಚ್ಚುತ್ತಾ ಕೂತಾಗ ಅವರೇ ಬಾಯಿ ಬಿಟ್ಟರು. ಎಡಗಣ್ಣು ಕಾಣದೆ ಆರು ತಿಂಗಳು ದಾಟಿದೆ, ಬಲಗಣ್ಣೂ ಮಂಜು ಮಂಜು. "ಹೇಳಿದರೆ ಕೆಲಸ ಹೋದೀತೆಂದು ಸುಮ್ಮನಿದ್ದೆ ಮಾರಾಯ್ರೆ" ಅಂದರು. ಮಗಳ ಮದುವೆಯ ಸಾಲ ಇನ್ನೂ ತೀರಿರಲಿಲ್ಲ.

ಸರ್ಟಿಫಿಕೇಟಿನಲ್ಲಿ "ಕಣ್ಣು ಸರಿ ಇದೆ"

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮದ 4ನೇ ಅನುಸೂಚಿ ಪ್ರಕಾರ ಆಹಾರ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೊಮ್ಮೆ ಡಾಕ್ಟರಿಂದ ತಪಾಸಣೆ ಆಗಬೇಕು. ಆ ಫಿಟ್‌ನೆಸ್ ಫಾರ್ಮಿನಲ್ಲಿ ದೇಹ ಪರೀಕ್ಷೆ, ಚರ್ಮ ಪರೀಕ್ಷೆ, ಲಸಿಕೆ ಇವುಗಳ ಜೊತೆಗೆ ಕಣ್ಣಿನ ಪರೀಕ್ಷೆ ಎಂದೂ ಬರೆದಿದೆ. ನಾವು ಮಾಡುತ್ತಿದ್ದದ್ದು ಏನು? ಹುಡುಗರ ಹೆಸರಿನ ಪಟ್ಟಿಯನ್ನು ಏಜೆಂಟನ ಕೈಗೆ ಕೊಡುವುದು. ಎರಡು ದಿನದಲ್ಲಿ ಸಹಿ ಸಿಕ್ಕಾ ಬಿದ್ದು ಬರುತ್ತಿತ್ತು. ಅಂದು ರಾತ್ರಿ ಫೈಲು ತೆಗೆದು ನೋಡಿದೆವು. ಎಡಗಣ್ಣು ಕಾಣದ ಭಟ್ಟರ ಹೆಸರಿನ ಮುಂದೆ ಕಣ್ಣು ಸರಿ ಇದೆ ಎಂದು ಬರೆದಿತ್ತು. ತಾರೀಕು ಐದು ತಿಂಗಳ ಹಿಂದಿನದು. ಅದಕ್ಕೆ ದುಡ್ಡು ಕೊಟ್ಟವರು ನಾವೇ.

ಆ ತಪಾಸಣೆ ನಿಜವಾಗಿ ಆಗಿದ್ದರೆ ಭಟ್ಟರ ಕಣ್ಣಿನ ಕಥೆ ಬೇರೆ ಇರುತ್ತಿತ್ತು ಎಂದು ಮುಂದೆ ಡಾಕ್ಟರರೇ ಹೇಳಿದರು.

ಬಾಗಿಲು ಬಾಗಿಲು ಅಲೆದದ್ದು

ಮರುದಿನ ನಮ್ಮ ರಸ್ತೆಯ ಕನ್ನಡಕದ ಅಂಗಡಿಗೆ ಹೋದೆವು. ಅವರು ನೋಡಿ, ಇದು ಕನ್ನಡಕದಿಂದ ಹೋಗುವ ರೋಗ ಅಲ್ಲ, ಕಣ್ಣಾಸ್ಪತ್ರೆಗೆ ಹೋಗಿ ಅಂದರು. ಹೊಸದಾಗಿ ಆದ ಒಂದು ದೊಡ್ಡ ಕಣ್ಣಿನ ಕ್ಲಿನಿಕ್ಕಿಗೆ ಹೋದೆವು. ಬಾಗಿಲಲ್ಲೇ "ಎಲ್ಲಾ ಇನ್ಶೂರೆನ್ಸ್ ಸ್ವೀಕರಿಸಲಾಗುತ್ತದೆ" ಎಂಬ ಬೋರ್ಡು. ಇ.ಎಸ್.ಐ. ಅಂದ ಕೂಡಲೇ ಕೌಂಟರಿನ ಹುಡುಗಿ ತಲೆ ಅಲ್ಲಾಡಿಸಿದಳು. ಎಲ್ಲಾ ಅಂದರೆ ಖಾಸಗಿ ಕಂಪೆನಿಗಳದ್ದು ಮಾತ್ರವಂತೆ. ಒಂದು ಕಣ್ಣಿಗೆ ಮೂವತ್ತೆಂಟು ಸಾವಿರ ಅಂದಾಜು ಬರೆದುಕೊಟ್ಟಳು. ಇನ್ನೊಂದು ಕಡೆ ಫೋನ್ ಮಾಡಿದರೆ "ಬನ್ನಿ" ಅಂದರು. ಹೋದ ಮೇಲೆ "ಹೋದ ವರ್ಷದ ತನಕ ಇತ್ತು, ಈಗ ಒಪ್ಪಂದ ಮುಗಿದಿದೆ" ಅಂದರು. ಮೂರನೆಯ ಕಡೆ "ಡೈರೆಕ್ಟ್ ಬಂದರೆ ಆಗುವುದಿಲ್ಲ, ರೆಫರಲ್ ತನ್ನಿ" ಅಂದರು. ಈ ರೆಫರಲ್ ಎಂಬ ಶಬ್ದವನ್ನು ನಾವು ಅಂದೇ ಮೊದಲು ಕೇಳಿದ್ದು.

ಆಮೇಲೆ ತಿಳಿಯಿತು, ನಾವು ಊಟವನ್ನು ಕೈತೊಳೆಯುವ ಕಡೆಯಿಂದ ಶುರು ಮಾಡಿದ್ದೆವು ಎಂದು. ಇ.ಎಸ್.ಐ.ಯಲ್ಲಿ ಮೊದಲು ಕ್ಲಿನಿಕ್ಕು ಹುಡುಕುವ ಹಾಗಿಲ್ಲ. ಕೆಲಸಗಾರನ ಹೆಸರಿಗೆ ಒಂದು ಡಿಸ್ಪೆನ್ಸರಿ ನಿಗದಿ ಆಗಿರುತ್ತದೆ. ಮೊದಲು ಅಲ್ಲಿ. ಅವರು ಇ.ಎಸ್.ಐ. ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಬರೆದುಕೊಡುತ್ತಾರೆ. ಅಲ್ಲಿ ಆಗದ ಚಿಕಿತ್ಸೆ ಇದ್ದರೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ರೆಫರಲ್ ಕಾಗದ ಕೊಡುತ್ತಾರೆ. ಆ ಕಾಗದ ಕೈಯಲ್ಲಿದ್ದರೆ ಖಾಸಗಿಯಲ್ಲೂ ರೋಗಿ ದುಡ್ಡು ಕೊಡುವಂತಿಲ್ಲ, ಬಿಲ್ಲು ಇ.ಎಸ್.ಐ.ಗೆ ಹೋಗುತ್ತದೆ. ಚಿಕಿತ್ಸೆಯ ಖರ್ಚಿಗೆ ಇಷ್ಟೇ ಎಂಬ ಮಿತಿಯೂ ಇಲ್ಲ.

ಇನ್ನು ಕಾಗದಪತ್ರದ ಅವಸ್ಥೆ. ಭಟ್ಟರ ವಿಮಾ ನಂಬರು ನಮ್ಮ ಫೈಲಿನಲ್ಲಿ ಇತ್ತು, ಆದರೆ ಕಾರ್ಡು ಯಾರೂ ಪ್ರಿಂಟ್ ತೆಗೆದಿರಲಿಲ್ಲ. ಆಧಾರ್‌ನಲ್ಲಿ ಊರಿನ ಹೆಸರು ಸೇರಿಸಿ ಒಂದು ರೀತಿ, ಇ.ಎಸ್.ಐ.ಯಲ್ಲಿ ಇನ್ನೊಂದು ರೀತಿ. ಮೊಬೈಲ್ ನಂಬರು ಹಳೆಯದು. ಡಿಸ್ಪೆನ್ಸರಿ ಮಾತ್ರ ನಾವು ಎಂಟು ವರ್ಷದ ಹಿಂದೆ ಮುಚ್ಚಿದ ಬ್ರಾಂಚಿನ ಹತ್ತಿರದ್ದು. ಇದನ್ನೆಲ್ಲ ಸರಿಪಡಿಸುವುದಕ್ಕೆ ಹನ್ನೊಂದು ದಿನ ಹಿಡಿಯಿತು. ತಪ್ಪು ಸರ್ಕಾರದ್ದಲ್ಲ. ಆ ವಿವರಗಳನ್ನು ತುಂಬಿಸಿದವರು ನಾವು.

ಸಕ್ಕರೆಯ ಗುಟ್ಟು

ಇ.ಎಸ್.ಐ. ಆಸ್ಪತ್ರೆಯಲ್ಲಿ ಕ್ಯೂ ಉದ್ದ ಇತ್ತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹೋದವರು ಮಧ್ಯಾಹ್ನ ಒಂದಕ್ಕೆ ಹೊರಬಂದೆವು. ಆದರೆ ಒಳಗೆ ಕೂತ ಲೇಡಿ ಡಾಕ್ಟರು ನಿಧಾನವಾಗಿ ನೋಡಿದರು. ಕಣ್ಣಿಗೆ ಹನಿ ಹಾಕಿ ಪಾಪೆ ಅರಳಿಸಿ ನೋಡಿದರು. ರಕ್ತ ಪರೀಕ್ಷೆ ಬರೆದರು. ಸಕ್ಕರೆ 312. ಭಟ್ಟರಿಗೆ ಮಧುಮೇಹ ಇದೆಯೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಎಡಗಣ್ಣಿನಲ್ಲಿ ಪೊರೆ ಪೂರ್ತಿ ಬಲಿತಿತ್ತು. ಇಲ್ಲಿಯವರು ಮೋತಿಬಿಂದು ಅನ್ನುತ್ತಾರೆ. ಬಲಗಣ್ಣಿನಲ್ಲಿ ಪೊರೆ ಸ್ವಲ್ಪ, ಆದರೆ ಹಿಂದಿನ ರೆಟಿನಾ ಪರದೆ ಸಕ್ಕರೆಯಿಂದ ಕೆಡಲು ಶುರುವಾಗಿತ್ತು. ಡಾಕ್ಟರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಪೊರೆ ಎಂದರೆ ಶೋಕೇಸಿನ ಗಾಜು ಮಸುಕಾದಂತೆ. ಗಾಜು ಬದಲಿಸಿದರೆ ಮತ್ತೆ ಕಾಣುತ್ತದೆ. ರೆಟಿನಾ ಕೆಟ್ಟರೆ ಒಳಗಿಟ್ಟ ಸಾಮಾನೇ ಹಾಳಾದಂತೆ. ಗಾಜು ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ. ಇದಕ್ಕೆ ಮೊದಮೊದಲು ನೋವಿಲ್ಲ, ಉರಿಯಿಲ್ಲ, ಕಣ್ಣು ಕಾಣದ ಹಾಗೂ ಅನಿಸುವುದಿಲ್ಲ. ಅದಕ್ಕೇ ಮಧುಮೇಹ ಇರುವವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ರೆಟಿನಾ ತೋರಿಸಲೇಬೇಕು. ನಮ್ಮ ಧಂದೆಯಲ್ಲಿ ಹೊತ್ತುಹೊತ್ತಿಗೆ ಊಟ ಇಲ್ಲ, ನಿದ್ದೆ ಇಲ್ಲ, ದಿನಕ್ಕೆ ಹತ್ತು ಕಟ್ಟಿಂಗ್ ಚಹಾ. ಮಾಲೀಕರಿಗೂ ಈ ಮಾತು ಹೇಳುತ್ತಿದ್ದೇವೆ.

ಆರು ವಾರ ಮಾತ್ರೆ, ಪಥ್ಯ. ಸಕ್ಕರೆ ಇಳಿದ ಮೇಲೆ ಒಪ್ಪಂದದ ಆಸ್ಪತ್ರೆಗೆ ರೆಫರಲ್ ಸಿಕ್ಕಿತು. ಬಲಗಣ್ಣಿಗೆ ಮೂರು ಸಲ ಲೇಸರ್. ನಂತರ ಎಡಗಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದರು. ಬೆಳಿಗ್ಗೆ ಹೋದವರು ಸಂಜೆ ಮನೆಗೆ. ಭಟ್ಟರ ಕಿಸೆಯಿಂದ ರಿಕ್ಷಾ ಬಾಡಿಗೆ ಬಿಟ್ಟರೆ ಬೇರೆ ಖರ್ಚಾಗಲಿಲ್ಲ. ಡಾಕ್ಟರು ರಜೆ ಬರೆದ ದಿನಗಳಿಗೆ ಸಂಬಳದ ಶೇಕಡಾ 70ರಷ್ಟು ಅನಾರೋಗ್ಯ ಭತ್ಯೆ ಅವರ ಬ್ಯಾಂಕ್ ಖಾತೆಗೆ ಬಂತು.

ಪಟ್ಟಿ ಬಿಚ್ಚಿದ ದಿನ ಭಟ್ಟರು ಆಸ್ಪತ್ರೆಯ ಗೋಡೆಯ ಗಡಿಯಾರ ಓದಿದರು. ನಮಗೆ ಸಂತೋಷವಾಯಿತು. ಆದರೆ ಸಣ್ಣ ಅಕ್ಷರ ಓದಲಾಗಲಿಲ್ಲ. ಪೊರೆ ತೆಗೆದ ಮೇಲೆ ನೋಡಿದರೆ ಆ ಕಣ್ಣಿನ ರೆಟಿನಾ ಕೂಡ ಅರ್ಧ ಕೆಟ್ಟಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆ ನಮಗೆ ಸರಿಯಾಗಿ ಹೊಂದಿತು.

ಲೆಕ್ಕ ಒಮ್ಮೆ ನೋಡಿ

ಇ.ಎಸ್.ಐ. ಕಾಯಿದೆ ಆದದ್ದು 1948ರಲ್ಲಿ. 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. 2019ರ ಜುಲೈಯಿಂದ ಮಾಲೀಕರ ಪಾಲು ಶೇಕಡಾ 3.25, ಕೆಲಸಗಾರನದು ಶೇಕಡಾ 0.75. ಹದಿನಾರು ಸಾವಿರ ಸಂಬಳಕ್ಕೆ ನಮ್ಮದು 520, ಅವನದು 120, ಒಟ್ಟು 640 ರೂಪಾಯಿ. 2017ರ ಜನವರಿಯಿಂದ ಸಂಬಳದ ಮಿತಿ 21,000. ಈ ಮಿತಿ ಏರಿಸುವ ಮಾತು ಆಗಾಗ ಕೇಳಿಬರುತ್ತದೆ, ಕನ್ಸಲ್ಟೆಂಟರನ್ನು ಕೇಳುತ್ತಿರಿ. ಸಂಬಳ ಮಧ್ಯದಲ್ಲಿ ಮಿತಿ ದಾಟಿದರೂ ಆ ಆರು ತಿಂಗಳ ಅವಧಿ ಮುಗಿಯುವ ತನಕ ಹಣ ತುಂಬಬೇಕು, ಸೌಲಭ್ಯವೂ ಮುಂದುವರಿಯುತ್ತದೆ. ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್.

ಅನಾರೋಗ್ಯ ಭತ್ಯೆ ಬೇಕಾದರೆ ಆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಹುಡುಗರ ಹಾಜರಿಯನ್ನು ಕಡಿಮೆ ತೋರಿಸಿ ಐವತ್ತು ರೂಪಾಯಿ ಉಳಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಅವನ ಕಷ್ಟಕಾಲದ ಅನ್ನ ಅಲ್ಲಿ ಕಡಿತವಾಗುತ್ತದೆ.

ಇನ್ನೊಂದು ಮಾತು. ಎಣ್ಣೆ ಸಿಡಿದು, ಖಾರದ ಪುಡಿ ಬಿದ್ದು, ಪಾತ್ರೆ ತೊಳೆಯುವ ಸೋಡಾ ಅಥವಾ ಬೀಡಾ ಕೌಂಟರಿನ ಸುಣ್ಣ ಹಾರಿ ಕಣ್ಣಿಗೆ ಗಾಯವಾದರೆ ಅದು ಕೆಲಸದ ವೇಳೆಯ ಅಪಘಾತ. ಮೊದಲು ಕಣ್ಣು ಬಿಡಿಸಿ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಬೇಕು, ಉಜ್ಜಬಾರದು, ತಡಮಾಡದೆ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ಸುಣ್ಣ ಬಹಳ ಅಪಾಯ, ಒಳಗೊಳಗೇ ಸುಡುತ್ತದೆ. ಅಪಘಾತದ ವರದಿಯನ್ನು ಇ.ಎಸ್.ಐ.ಗೆ ಕೂಡಲೇ ಕಳಿಸಬೇಕು. ಭಟ್ಟರ ಮಣಿಕಟ್ಟು ಸುಟ್ಟದ್ದನ್ನು ನಾವು ವರದಿ ಮಾಡಿರಲಿಲ್ಲ. ಅದೂ ನಮ್ಮ ತಪ್ಪೇ.

ಇ.ಎಸ್.ಐ. ಇಲ್ಲದ ಸಣ್ಣ ಹೋಟೆಲುಗಳಿಗೆ

ನಾಲ್ಕೈದು ಜನ ಕೆಲಸಗಾರರ ಸಣ್ಣ ಹೋಟೆಲುಗಳು, ಕೇಟರಿಂಗ್‌ಗೆ ಸೀಜನ್ನಿನಲ್ಲಿ ಮಾತ್ರ ಬರುವವರು, ಇವರಿಗೆ ಆಯುಷ್ಮಾನ್ ಕಾರ್ಡು ನೋಡಬೇಕು. 2018ರ ಸೆಪ್ಟೆಂಬರ್ 23ರಂದು ಶುರುವಾದ ಈ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಆಸ್ಪತ್ರೆ ಖರ್ಚು. ಆಪರೇಶನ್‌ಗೆ ಉಪಯೋಗ. ಬರೇ ಕಣ್ಣು ತೋರಿಸುವುದಕ್ಕೆ, ಕನ್ನಡಕಕ್ಕೆ ಇದನ್ನು ನೆಚ್ಚಬೇಡಿ. ಊರಿನಲ್ಲಿ ಮಾಡಿಸಿದ ಕಾರ್ಡು ರಾಷ್ಟ್ರೀಯ ಪಟ್ಟಿಯದಾದರೆ ಮುಂಬಯಿ, ಪುಣೆಯ ಒಪ್ಪಂದದ ಆಸ್ಪತ್ರೆಯಲ್ಲೂ ನಡೆಯುತ್ತದೆ. ರಾಜ್ಯ ತನ್ನ ಖರ್ಚಿನಿಂದ ಸೇರಿಸಿದ ಕುಟುಂಬವಾದರೆ ಹೊರರಾಜ್ಯದಲ್ಲಿ ನಡೆಯುವುದು ಖಾತ್ರಿ ಇಲ್ಲ. 14555 ನಂಬರಿಗೆ ಫೋನ್ ಮಾಡಿ ಮೊದಲೇ ಕೇಳಿ. ಕರ್ನಾಟಕದಲ್ಲಿ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

2024ರ ಅಕ್ಟೋಬರ್ 29ರಿಂದ 70 ವರ್ಷ ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ವಯ ವಂದನಾ ಕಾರ್ಡು ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ಮನೆಯ ಹಿರಿಯರಿಗೂ ಇದು ಅನ್ವಯ. ದೆಹಲಿ ಬಂಧುಗಳಿಗೆ 2025ರ ಏಪ್ರಿಲ್‌ನಿಂದ ಆಯುಷ್ಮಾನ್ ಬಾಗಿಲು ತೆರೆದಿದೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ಅದಕ್ಕೆ ಇಲ್ಲಿನ ರೇಶನ್ ಕಾರ್ಡು ಅಥವಾ ವಾಸದ ದಾಖಲೆ ಬೇಕು. ಒಪ್ಪಂದದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಕೌಂಟರು ಇರುತ್ತದೆ, ನೇರ ಅಲ್ಲಿಗೆ ಹೋಗಿ. ಹೈದರಾಬಾದಿನವರಿಗೆ ರಾಜೀವ್ ಆರೋಗ್ಯಶ್ರೀ, 2023ರ ಡಿಸೆಂಬರ್‌ನಲ್ಲಿ ಅದರ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಿದರು. ಚೆನ್ನೈಯವರಿಗೆ ಮುಖ್ಯಮಂತ್ರಿಗಳ ಆರೋಗ್ಯ ವಿಮಾ ಯೋಜನೆ.

ಯಾವ ಕಾರ್ಡೂ ಇಲ್ಲದವರಿಗೂ ದಾರಿ ಮುಚ್ಚಿಲ್ಲ. ಮಹಾರಾಷ್ಟ್ರದಲ್ಲಿ ಹೈಕೋರ್ಟಿನ 2006ರ ಯೋಜನೆಯಂತೆ ದೊಡ್ಡ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇಕಡಾ 10ರಷ್ಟು ಬೆಡ್ಡುಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಆದಾಯದ ದಾಖಲೆ ಹಿಡಿದು ಅಲ್ಲಿಯ ಸಮಾಜಸೇವಾ ವಿಭಾಗವನ್ನು ಕೇಳಬೇಕು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ, ಸರ್ಕಾರಿ ಕಣ್ಣಾಸ್ಪತ್ರೆಗಳಲ್ಲಿ ಪೊರೆ ಆಪರೇಶನ್ ಆಗುತ್ತದೆ. ಊರಿನಲ್ಲಿ ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರ ಶಿಬಿರಗಳನ್ನು ನಮ್ಮ ತಂದೆಯವರ ಕಾಲದವರು ಈಗಲೂ ನೆನೆಯುತ್ತಾರೆ. 2005ರಲ್ಲಿ ತೀರಿಕೊಂಡ ಆ ಮಹಾನುಭಾವರು ಊರೂರು ತಿರುಗಿ ಬಡವರ ಪೊರೆ ತೆಗೆದರು. ಅಂದು ಡಾಕ್ಟರೇ ಊರಿಗೆ ಬರುತ್ತಿದ್ದರು. ಇಂದು ಬಾಗಿಲು ಬೇಕಾದಷ್ಟಿವೆ, ಯಾವ ಬಾಗಿಲಿಗೆ ಯಾವ ಕಾಗದ ಎಂದು ತಿಳಿದುಕೊಳ್ಳುವುದು ನಮ್ಮ ಕೆಲಸ.

ಹೋಗುವ ಮೊದಲು ಕೇಳಬೇಕಾದ್ದು

ಬೋರ್ಡು ನೋಡಿ ಒಳಗೆ ಹೋಗಬೇಡಿ. ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಯೋಜನೆಯ ಹೆಸರು ಹೇಳಿ, ಈ ತಿಂಗಳು ಒಪ್ಪಂದ ಚಾಲ್ತಿಯಲ್ಲಿದೆಯೇ? ಕಣ್ಣಿನ ವಿಭಾಗಕ್ಕೂ ಆ ಒಪ್ಪಂದ ಇದೆಯೇ, ಬೇರೆ ವಿಭಾಗಕ್ಕೆ ಮಾತ್ರವೇ? ರೆಫರಲ್ ಯಾರಿಂದ ಬೇಕು, ಎಷ್ಟು ದಿನ ನಡೆಯುತ್ತದೆ? ಯೋಜನೆಯಲ್ಲಿ ಬರುವ ಲೆನ್ಸ್ ಯಾವುದು, ಮೇಲೆ ದುಡ್ಡು ಕೇಳುತ್ತೀರಾ? ಮೇಲೆ ಕೇಳಿದರೆ ಯಾತಕ್ಕೆಂದು ಬರೆದುಕೊಡಲು ಹೇಳಿ. ಇ.ಎಸ್.ಐ.ಯ ವಿಚಾರಣೆಗೆ 1800-11-2526 ನಂಬರು ಉಚಿತ.

ಈಗ ನಮ್ಮ ಹೋಟೆಲಿನಲ್ಲಿ ಮಾಡಿದ್ದು ಹೇಳುತ್ತೇವೆ. ಇಪ್ಪತ್ನಾಲ್ಕು ಜನರ ಇ-ಪೆಹಚಾನ್ ಕಾರ್ಡು ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿ ಕೈಗೆ ಕೊಟ್ಟೆವು. ಆಧಾರ್ ಹೆಸರು, ಮೊಬೈಲು, ಡಿಸ್ಪೆನ್ಸರಿ ಎಲ್ಲಾ ಸರಿಪಡಿಸಿದೆವು. ಕುಟುಂಬ ಊರಿನಲ್ಲಿದ್ದವರಿಗೆ ಊರಿನ ಹತ್ತಿರದ ಡಿಸ್ಪೆನ್ಸರಿ ಹಾಕಿಸಿದೆವು. ಏಜೆಂಟನಿಗೆ ಪಟ್ಟಿ ಕೊಡುವುದು ನಿಲ್ಲಿಸಿದೆವು. ಡಾಕ್ಟರನ್ನು ಸೋಮವಾರ ಮಧ್ಯಾಹ್ನ ಹೋಟೆಲಿಗೇ ಕರೆಸಿ, ಗೋಡೆಗೆ ಅಕ್ಷರದ ಚಾರ್ಟು ಹಚ್ಚಿ, ಒಂದೊಂದು ಕಣ್ಣು ಮುಚ್ಚಿಸಿ ಓದಿಸಿದೆವು. ಸಕ್ಕರೆಯನ್ನೂ ನೋಡಿಸಿದೆವು. ಇಪ್ಪತ್ನಾಲ್ಕು ಜನರಲ್ಲಿ ಮೂವರಿಗೆ ಸಕ್ಕರೆ. ಏಳು ಜನರಿಗೆ ಕನ್ನಡಕ ಬೇಕಿತ್ತು, ಅದನ್ನು ಹೋಟೆಲಿನ ಖರ್ಚಿನಲ್ಲೇ ಮಾಡಿಸಿದೆವು. ಮೂವರಲ್ಲಿ ಒಬ್ಬರು ಗಲ್ಲಾದ ಮೇಲೆ ಕೂರುವವರು, ಅಂದರೆ ಈ ಲೇಖನ ಬರೆಯುತ್ತಿರುವವರೇ. ಹೋದ ತಿಂಗಳು ನಾವೂ ಕಣ್ಣಿಗೆ ಹನಿ ಹಾಕಿಸಿ ರೆಟಿನಾ ತೋರಿಸಿ ಬಂದೆವು. ದೇವರ ದಯೆಯಿಂದ ಇನ್ನೂ ಕೆಟ್ಟಿಲ್ಲ.

ತವಾ ಭಟ್ಟರು ಕೆಲಸದಲ್ಲೇ ಇದ್ದಾರೆ. ತವೆಯ ಮೇಲೆ ಈಗ ಅವರು ತಯಾರು ಮಾಡಿದ ಹುಡುಗ. ಹಿಟ್ಟಿನ ಹದ, ಚಟ್ನಿಯ ಉಪ್ಪು ಇವರ ಜವಾಬ್ದಾರಿ. ಹದ ನೋಡಲು ಕಣ್ಣು ಬೇಡ, ಬೆರಳು ಸಾಕು ಅನ್ನುತ್ತಾರೆ. ಸಂಬಳ ಒಂದು ರೂಪಾಯಿಯೂ ಕಡಿಮೆ ಮಾಡಿಲ್ಲ. ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆವು. "ಬಿಡಿ ಮಾರಾಯ್ರೆ, ನಾನೂ ಹೇಳಬೇಕಿತ್ತು" ಅಂದರು.

ಬಂಧುಗಳೇ, ಇಂದು ರಾತ್ರಿ ಗಲ್ಲಾ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಕೆಲಸಗಾರರಲ್ಲಿ ಒಬ್ಬರನ್ನು ಕರೆದು ಒಂದು ಕಣ್ಣು ಮುಚ್ಚಿಸಿ ಎದುರಿನ ಮೆನು ಬೋರ್ಡು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡು ನಿಮಿಷದ ಕೆಲಸ. ಓದಲು ಆಗದಿದ್ದರೆ ಬೈಯಬೇಡಿ, ಅವರ ಇ.ಎಸ್.ಐ. ಕಾರ್ಡು ಎಲ್ಲಿದೆ ಎಂದು ಹುಡುಕಿ.